ಅಕ್ಕನ ಮಗಳ ಹೈಸ್ಕೂಲ್ ಗ್ರ್ಯಾಜುಯೇಶನ್: ಎಪ್ಪತ್ನಾಲ್ಕರ ಅಮ್ಮನನ್ನು ನ್ಯೂಜೆರ್ಸಿಯಿಂದ ನಾರ್ತ್ ಕೆರೊಲಿನಾಕ್ಕೆ ಕಾರಿನಲ್ಲಿ ಕರೆದೊಯ್ಯಬಹುದೇ?

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಕುಟುಂಬ ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿದೆ. ಅಕ್ಕನ ಹಿರಿಯ ಮಗಳು ಈ ಜೂನ್‌ನಲ್ಲಿ ಹೈಸ್ಕೂಲು ಮುಗಿಸುತ್ತಿದ್ದಾಳೆ. ಎರಡನೇ ವಾರದ ಗುರುವಾರ ಬೆಳಿಗ್ಗೆ ಸಮಾರಂಭವಿದೆ. ಹಾಸನದಿಂದ ನಮ್ಮ ಅಮ್ಮ ಏಪ್ರಿಲ್‌ನಲ್ಲಿ ಬಂದು ಈಗ ನಮ್ಮ ಮನೆಯಲ್ಲಿದ್ದಾರೆ. ಹದಿನೆಂಟು ವರ್ಷಗಳ ಹಿಂದೆ ಅಕ್ಕನ ಬಾಣಂತನಕ್ಕೆಂದು ಬಂದು, ಸುಮಾರು ಆರು ತಿಂಗಳಿದ್ದು, ಈ ಮಗುವಿಗೆ ದಿನವೂ ಎಣ್ಣೆ ಹಚ್ಚಿ ನೀರು ಹಾಕಿದವರು ಅವರೇ. ಮಗುವಿಗೆ ಹೆಸರಿಟ್ಟವರೂ ಅವರೇ.

ದಾರಿ ಸುಮಾರು 480 ಮೈಲಿ ಇದ್ದು, ಎಲ್ಲೂ ನಿಲ್ಲದಿದ್ದರೂ ಎಂಟು ಗಂಟೆ ಹಿಡಿಯುತ್ತದೆ. ಅಮ್ಮನಿಗೆ ಸಕ್ಕರೆ ಕಾಯಿಲೆಯಿದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಮಂಡಿನೋವೂ ಇದೆ. ಜೊತೆಗೆ ನಾನು, ನನ್ನ ಯಜಮಾನರು, ಆರು ವರ್ಷದ ಮಗ ಮತ್ತು ಹದಿಮೂರು ವರ್ಷದ ಮಗಳು. ನಮ್ಮ ಮಕ್ಕಳಿಗೆ ಜೂನ್ ಮೂರನೇ ವಾರದವರೆಗೆ ಶಾಲೆಯಿರುವುದರಿಂದ ಹೆಚ್ಚು ದಿನ ರಜೆ ಹಾಕುವಂತಿಲ್ಲ. ಇನ್ನೊಂದು ತೊಡಕೆಂದರೆ, ಶಾಲೆಯವರು ಒಂದು ಕುಟುಂಬಕ್ಕೆ ಎಂಟೇ ಟಿಕೆಟ್ ಕೊಟ್ಟಿದ್ದಾರೆ. ಅಕ್ಕ, ಭಾವ, ಅವರ ಮಗ ಮತ್ತು ಭಾವನ ತಂದೆತಾಯಿಗೆ ಐದು ಹೋದರೆ ನಮ್ಮ ಐವರಿಗೆ ಉಳಿಯುವುದು ಮೂರು.

ಊರಿನಲ್ಲಿರುವ ಅಣ್ಣನಿಗೆ ಫೋನ್ ಮಾಡಿದಾಗ, "ಹನ್ನೆರಡನೇ ತರಗತಿ ಪಾಸಾಗುವುದಕ್ಕೆ ಅಮ್ಮನನ್ನು ಅಷ್ಟು ದೂರ ಅಲೆದಾಡಿಸಬೇಕೇ? ಕಾಲೇಜು ಮುಗಿದಾಗ ನೋಡಿದರಾಯಿತು" ಎಂದ. ಅವನ ಮಾತಿನಲ್ಲಿ ಅಮ್ಮನ ಬಗೆಗಿನ ಕಾಳಜಿಯಿದೆ, ಅದಕ್ಕೇ ನನಗೆ ಗೊಂದಲ. ಅಮ್ಮ ಮಾತ್ರ ಬರುತ್ತೇನೆಂದೂ ಹೇಳುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ. "ನಿಮಗೆ ಹೇಗೆ ಅನುಕೂಲವೋ ಹಾಗೆ" ಎನ್ನುತ್ತಾರೆ. ವಯಸ್ಸಾದವರನ್ನು ಈ ದಾರಿಯಲ್ಲಿ ಕರೆದೊಯ್ದವರು ದಯವಿಟ್ಟು ತಿಳಿಸಿ.

ಉತ್ತರ (ಮೇರಿಲ್ಯಾಂಡ್‌ನಿಂದ)

ಹೋಗಬಹುದು, ಆದರೆ ಒಂದೇ ದಿನದಲ್ಲಿ ಮುಗಿಸುವ ಯೋಚನೆ ಬೇಡ. ಮಂಗಳವಾರ ಮಕ್ಕಳು ಶಾಲೆಯಿಂದ ಬಂದ ಮೇಲೆ ಹೊರಟು ರಾತ್ರಿ ವಾಷಿಂಗ್ಟನ್ ಹತ್ತಿರದ ಲ್ಯಾನ್‌ಹ್ಯಾಮ್ ಆಸುಪಾಸಿನಲ್ಲಿ ತಂಗಿ. ಅಲ್ಲಿ ಶಿವ-ವಿಷ್ಣು ದೇವಸ್ಥಾನವಿದೆ. ಬುಧವಾರ ಬೆಳಿಗ್ಗೆ ಅಮ್ಮನಿಗೆ ದರ್ಶನ ಮಾಡಿಸಿ, ಕಚೇರಿಗೆ ಹೋಗುವವರ ದಟ್ಟಣೆ ಇಳಿದ ಮೇಲೆ, ಅಂದರೆ ಹತ್ತರ ಸುಮಾರಿಗೆ ಹೊರಟರೆ ಸಂಜೆಯೊಳಗೆ ಕ್ಯಾರಿ ಸೇರುತ್ತೀರಿ. ಈ ದಾರಿಯಲ್ಲಿ ನಿಜವಾಗಿ ಕಾಡುವುದು ವಾಷಿಂಗ್ಟನ್‌ನಿಂದ ಫ್ರೆಡರಿಕ್ಸ್‌ಬರ್ಗ್‌ವರೆಗಿನ ಐವತ್ತು ಮೈಲಿ ಮಾತ್ರ. ಮಧ್ಯಾಹ್ನ ಮೂರರ ಮೇಲೆ ಅಲ್ಲಿ ಸಿಕ್ಕಿಕೊಂಡರೆ ಒಂದು ಗಂಟೆಯ ದಾರಿಗೆ ಎರಡೂವರೆ ಗಂಟೆ ಬೇಕಾಗುತ್ತದೆ. ಆ ಭಾಗದ ಎಕ್ಸ್‌ಪ್ರೆಸ್ ಲೇನ್‌ಗಳು, ಅಂದರೆ ಶುಲ್ಕ ಕೊಟ್ಟು ಹೋಗುವ ಪ್ರತ್ಯೇಕ ಪಥಗಳು, ವಾರದ ದಿನಗಳಲ್ಲಿ ಬೆಳಿಗ್ಗೆ ಉತ್ತರಕ್ಕೂ ಮಧ್ಯಾಹ್ನದ ಮೇಲೆ ದಕ್ಷಿಣಕ್ಕೂ ತೆರೆದಿರುತ್ತವೆ. ಕಾರಿನಲ್ಲಿ ಮೂವರು ಅಥವಾ ಹೆಚ್ಚು ಜನರಿದ್ದರೆ ಅಲ್ಲಿ ಶುಲ್ಕವಿಲ್ಲ, ಆದರೆ ಅದಕ್ಕೆ ಈಝೀಪಾಸ್ ಫ್ಲೆಕ್ಸ್ ಎಂಬ ಬೇರೆ ಟ್ಯಾಗ್ ಬೇಕು. ನಿಮ್ಮಲ್ಲಿರುವ ಮಾಮೂಲಿ ಟ್ಯಾಗ್ ಇಟ್ಟುಕೊಂಡು ಹೋದರೆ ಐವರಿದ್ದರೂ ಹಣ ಕಡಿತವಾಗುತ್ತದೆ.

ವರ್ಜೀನಿಯಾದಲ್ಲಿ ವೇಗದ ಬಗ್ಗೆ ನಿಮ್ಮ ಯಜಮಾನರಿಗೆ ಒಂದು ಮಾತು ಹೇಳಿಡಿ. ಅಲ್ಲಿ 85 ಮೈಲಿ ದಾಟಿದರೆ ಅದು ಬರೀ ದಂಡ ಕಟ್ಟಿ ಮುಗಿಸುವ ತಪ್ಪಲ್ಲ, ಕ್ರಿಮಿನಲ್ ಪ್ರಕರಣವಾಗುತ್ತದೆ. ಇಷ್ಟು ದಿನ ನ್ಯೂಜೆರ್ಸಿಯಲ್ಲಿ ಬಂಕಿನವರೇ ಪೆಟ್ರೋಲ್ ಹಾಕುತ್ತಿದ್ದರು; ಡೆಲವೇರ್ ಸೇತುವೆ ದಾಟಿದ ಮೇಲೆ ನೀವೇ ಇಳಿದು ಹಾಕಿಕೊಳ್ಳಬೇಕು.

ಅಮ್ಮನ ವಿಷಯಕ್ಕೆ ಬಂದರೆ, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕದಲದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಅದರಲ್ಲೂ ವಯಸ್ಸಾದವರಿಗೆ. ಆದ್ದರಿಂದ ಪ್ರತಿ ಒಂದೂವರೆ ಗಂಟೆಗೆ ನಿಲ್ಲಿಸಿ ಹತ್ತು ನಿಮಿಷ ನಡೆಸಿ. ಮೇರಿಲ್ಯಾಂಡ್‌ನಲ್ಲಿ ಚೆಸಪೀಕ್ ಹೌಸ್, ಮೇರಿಲ್ಯಾಂಡ್ ಹೌಸ್ ಎಂಬ ಎರಡು ವಿಶ್ರಾಂತಿ ತಾಣಗಳು ಹೆದ್ದಾರಿಯ ನಡುವೆಯೇ ಇವೆ, ಶೌಚಾಲಯ ಚೊಕ್ಕಟವಾಗಿರುತ್ತದೆ. ಇನ್ಸುಲಿನ್ ಬಾಟಲಿಯನ್ನು ಡಿಕ್ಕಿಯಲ್ಲಿಡಬೇಡಿ, ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಇಳಿಯಲೂಬೇಡಿ, ಐಸಿಗೆ ನೇರವಾಗಿ ತಾಗಿಸಲೂಬೇಡಿ. ನಾವು ನಮ್ಮ ಅತ್ತೆಯವರದನ್ನು ಒಂದು ಕೈವಸ್ತ್ರದಲ್ಲಿ ಸುತ್ತಿ, ಮೊಸರನ್ನದ ಡಬ್ಬಿಯ ಪಕ್ಕದಲ್ಲಿ ತಂಪು ಪೆಟ್ಟಿಗೆಯಲ್ಲಿಟ್ಟು, ಇಳಿದಲ್ಲೆಲ್ಲ ಜೊತೆಗೇ ಒಯ್ಯುತ್ತಿದ್ದೆವು. ಪಾಸ್‌ಪೋರ್ಟ್ ಮತ್ತು ಐ-94 (ಅಮೆರಿಕಕ್ಕೆ ಬಂದಿಳಿದುದರ ದಾಖಲೆ) ಪ್ರತಿ ಅಮ್ಮನ ಚೀಲದಲ್ಲೇ ಇರಲಿ.

ಉತ್ತರ (ಟೆಕ್ಸಾಸ್‌ನಿಂದ)

ನನ್ನ ಅಭಿಪ್ರಾಯ ಬೇರೆ. ನೆವಾರ್ಕ್‌ನಿಂದ ರಾಲೀ-ಡರ್ಹಮ್‌ಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಟಿಕೆಟ್ ಇರುವುದು ಮೂರು ಜನಕ್ಕೆ ತಾನೇ? ಅಮ್ಮ, ನೀವು ಮತ್ತು ನಿಮ್ಮ ಮಗಳು ವಿಮಾನದಲ್ಲಿ ಹೋಗಿ, ತಂದೆ-ಮಗ ಮನೆಯಲ್ಲಿ ನೇರಪ್ರಸಾರ ನೋಡಲಿ. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ಕೊಡುತ್ತಾರೆ. ಮಂಡಿನೋವಿರುವವರಿಗೆ ಎರಡು ದಿನದ ಕಾರು ಪ್ರಯಾಣ ಹೋಗುವಾಗ ಸಹ್ಯವಾದರೂ ಬರುವಾಗ ಭಾರವಾಗುತ್ತದೆ ಎಂಬುದು ನಮ್ಮ ತಂದೆಯವರನ್ನು ಕರೆದುಕೊಂಡು ಹೋಗಿ ನಾನು ಕಂಡದ್ದು.

ಉತ್ತರ (ರಾಲೀ, ನಾರ್ತ್ ಕೆರೊಲಿನಾದಿಂದ)

ಕಾರೋ ವಿಮಾನವೋ ಎಂಬುದನ್ನು ನೀವೇ ನಿರ್ಧರಿಸಿ, ಆದರೆ ಅಮ್ಮನನ್ನು ಬಿಟ್ಟು ಮಾತ್ರ ಬರಬೇಡಿ. ನಿಮ್ಮ ಅಣ್ಣನವರ ಮಾತು ನನಗೆ ಅರ್ಥವಾಗುತ್ತದೆ. ನಮ್ಮ ಕಾಲದಲ್ಲಿ ಪಿಯುಸಿ ಫಲಿತಾಂಶವನ್ನು ಕಾಲೇಜಿನ ಗೋಡೆಗೆ ಅಂಟಿಸುತ್ತಿದ್ದರು; ನಂಬರು ಹುಡುಕಿಕೊಂಡು, ಮನೆಗೆ ಬಂದು ಸಿಹಿ ಹಂಚಿದರೆ ಅಲ್ಲಿಗೆ ಮುಗಿಯಿತು. ಇಲ್ಲಿ ಹಾಗಲ್ಲ. ಯಾವ ಕಾಲೇಜು ಎಂಬುದು ಸಾಮಾನ್ಯವಾಗಿ ಮೇ 1ರ ಹೊತ್ತಿಗೆ ತೀರ್ಮಾನವಾಗಿರುತ್ತದೆ, ಆಗಸ್ಟ್‌ನಲ್ಲಿ ಮಗು ಪೆಟ್ಟಿಗೆ ಕಟ್ಟಿಕೊಂಡು ಹಾಸ್ಟೆಲ್ ಸೇರುತ್ತದೆ, ಆ ಮೇಲೆ ಮನೆಗೆ ಬರುವುದು ರಜೆಗೆ ಮಾತ್ರ. ಹುಟ್ಟಿದಾಗ ನೀರು ಹಾಕಿದ ಅಜ್ಜಿ ಮನೆಬಿಟ್ಟು ಹೊರಡುವ ಈ ಬೇಸಿಗೆಯಲ್ಲಿ ಪಕ್ಕದಲ್ಲಿರಲಿ. ನಾಲ್ಕು ವರ್ಷದ ನಂತರದ ಕಾಲೇಜು ಸಮಾರಂಭಕ್ಕೆ ಅಮ್ಮನಿಗೆ ಎಪ್ಪತ್ತೆಂಟಾಗಿರುತ್ತದೆ ಎಂಬುದನ್ನೂ ಯೋಚಿಸಿ.

ಈಗ ಸಭಾಂಗಣದ ವಿಷಯ. ಐನೂರು ಆರುನೂರು ಮಕ್ಕಳಿರುವ ಶಾಲೆಯಾದರೆ ಎರಡು ಗಂಟೆಗೆ ಕಡಿಮೆಯಿಲ್ಲ. ಮೆಟ್ಟಿಲುಸಾಲಿನ ಆಸನ ಅಮ್ಮನಿಗೆ ಆಗದು. ಹತ್ತಲಾಗದವರಿಗೆ ನೆಲಮಟ್ಟದಲ್ಲಿ ಆಸನ ಕೊಡುವಂತೆ, ಪಕ್ಕದಲ್ಲಿ ಒಬ್ಬರು ಕೂರುವಂತೆ, ನಿಮ್ಮ ಅಕ್ಕ ಈಗಲೇ ಶಾಲೆಗೆ ಬರೆದು ಕೇಳಲಿ. ಒಳಗೆ ಏಸಿ ಬಹಳ ತಣ್ಣಗಿರುತ್ತದೆ, ಶಾಲು ಮರೆಯಬೇಡಿ. ಅನೇಕ ಕಡೆ ಪಾರದರ್ಶಕ ಚೀಲ ಮಾತ್ರ ಒಳಗೆ ಬಿಡುತ್ತಾರೆ, ಆದ್ದರಿಂದ ಔಷಧಿಯನ್ನು ಹೇಗೆ ತರಬೇಕೆಂದು ಮೊದಲೇ ವಿಚಾರಿಸಿ. ಒಬ್ಬೊಬ್ಬರ ಹೆಸರು ಕರೆದು ವೇದಿಕೆ ದಾಟುವುದು ಹತ್ತು ಸೆಕೆಂಡಿನಲ್ಲಿ ಆಗಿಹೋಗುತ್ತದೆ. ಆ ಹೊತ್ತಿಗೆ ಫೋನ್ ಹಿಡಿಯುವ ಕೆಲಸ ನಿಮ್ಮ ಮಗಳಿಗೆ ಕೊಡಿ, ನೀವು ಅಮ್ಮನ ಪಕ್ಕದಲ್ಲೇ ಇರಿ. ಕೊನೆಯಲ್ಲಿ ಮಕ್ಕಳೆಲ್ಲ, ಓದು ಮುಗಿಯಿತೆಂಬ ಗುರುತಿಗೆ, ಟೋಪಿಯ ಕುಚ್ಚನ್ನು ಬಲದಿಂದ ಎಡಕ್ಕೆ ತಿರುಗಿಸುತ್ತಾರೆ. ಅದನ್ನು ಅಮ್ಮನಿಗೆ ಮೊದಲೇ ಹೇಳಿಡಿ.

ಅಜ್ಜಿ ಇಟ್ಟ ಹೆಸರು ಎಂದಿರಿ. ಓದುವವರಿಗೆ ಅದನ್ನು ಹೇಗೆ ಉಚ್ಚರಿಸಬೇಕೆಂದು ಮಗು ಬರೆದುಕೊಟ್ಟಿದ್ದಾಳೆಯೇ ಎಂದು ಕೇಳಿ. ಅನೇಕ ಶಾಲೆಗಳು ಮಕ್ಕಳ ದನಿಯಲ್ಲೇ ಧ್ವನಿಮುದ್ರಿಸಿಕೊಳ್ಳುತ್ತವೆ. ನಮ್ಮ ಮಗನ ಹೆಸರನ್ನು ಗುರುತೇ ಸಿಗದಂತೆ ಓದಿದ ನೋವು ನನಗೆ ಇನ್ನೂ ಇದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ವಿಮಾನದ ಸಲಹೆಯನ್ನು ಅಮ್ಮನ ಮುಂದಿಟ್ಟಾಗ, "ಅಳಿಯಂದಿರನ್ನೂ ಚಿಕ್ಕವನನ್ನೂ ಬಿಟ್ಟು ನಾನು ಬರುವುದಿಲ್ಲ, ಕಾರಿನಲ್ಲೇ ಹೋಗೋಣ" ಎಂದರು. ಈ ಮೂರು ವಾರದಲ್ಲಿ ಅವರ ಬಾಯಿಂದ ಬಂದ ಮೊದಲ ಖಚಿತವಾದ ಮಾತು ಅದು. ವೈದ್ಯರನ್ನೂ ಕೇಳಿದೆವು, ನಿಂತು ನಿಂತು ಹೋಗುವುದಾದರೆ ಅಡ್ಡಿಯಿಲ್ಲ ಎಂದಿದ್ದಾರೆ. ಲ್ಯಾನ್‌ಹ್ಯಾಮ್ ಹತ್ತಿರ ನೆಲಮಹಡಿಯ ಕೋಣೆ ಕಾದಿರಿಸಿದ್ದೇವೆ. ಬರುವಾಗಲೂ ಒಂದು ರಾತ್ರಿ ತಂಗುತ್ತೇವೆ. ಒಳಗೆ ಅಮ್ಮ, ನಾನು ಮತ್ತು ಮಗಳು; ಯಜಮಾನರು ಮತ್ತು ಮಗ ಅಕ್ಕನ ಮನೆಯಲ್ಲಿ ನೇರಪ್ರಸಾರ ನೋಡಿ, ಮಧ್ಯಾಹ್ನದ ಅಡುಗೆಗೆ ಸಿದ್ಧತೆ ಮಾಡಿಡುತ್ತಾರೆ.

ಹೆಸರಿನ ವಿಷಯ ಕೇಳಿದ್ದು ಒಳ್ಳೆಯದಾಯಿತು. ಅದರಲ್ಲಿ ಒಂದು ಳಕಾರವಿದೆ, ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೆದರೂ ಲಕಾರವೇ ಆಗುತ್ತದೆ. ಅಕ್ಕನ ಮಗಳು ತನ್ನ ದನಿಯಲ್ಲಿ ಹೇಳಿ ಶಾಲೆಗೆ ಕಳಿಸಿದ್ದನ್ನೇ ನಿನ್ನೆ ಅಜ್ಜಿಗೂ ಕಳಿಸಿದಳು. ಅಮ್ಮ ಫೋನನ್ನು ಕಿವಿಗೆ ಹಿಡಿದು ಎರಡು ಸಲ ಕೇಳಿ, "ಳ ಸರಿಯಾಗಿ ಬಂದಿದೆ, ಕೊನೆಯ ಅಕ್ಷರ ಮಾತ್ರ ಎಳೆದಿದ್ದಾಳೆ, ಇನ್ನೊಂದು ಸಲ ಹೇಳಿ ಕಳಿಸಲಿ" ಎಂದರು.