ಬೆಂಗಳೂರಿನಿಂದ ಮಂಗಳೂರಿಗೆ: ಜೆಪ್ಪುವಿನ ಹಂಚಿನ ಮನೆಯೋ, ಸುರತ್ಕಲ್‌ನ ಫ್ಲ್ಯಾಟೋ?

ಬಯಲುಸೀಮೆಯವ: ಜೂನ್‌ನಲ್ಲಿ ಮನೆ ಬದಲಿಸಬೇಕು, ಕೆಲಸ ಸುರತ್ಕಲ್ ಹತ್ತಿರದ ಬೈಕಂಪಾಡಿಯಲ್ಲಿ. ಬಾಡಿಗೆಗೆ ಎರಡೂ ಸಿಕ್ಕಿವೆ. ಯಾವುದು ವಾಸಿ?

ಮುರಕಲ್ಲು: ಜೂನ್ ಬೇಡ ಮಾರಾಯ್ರೆ, ಮೇ ಮೊದಲ ವಾರವೇ ಸಾಮಾನು ತನ್ನಿ. ಮಳೆಗೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಲಾರಿ ದಾರಿಯಲ್ಲೇ ಬಾಕಿ. ಮನೆ ಜೆಪ್ಪುವಿನದ್ದೇ ಹಿಡಿಯಿರಿ. 1865ರಲ್ಲಿ ಬಾಸೆಲ್ ಮಿಷನ್ ಹಂಚು ಸುಡಲು ಶುರು ಮಾಡಿದ್ದೇ ಅಲ್ಲಿ. ಹಂಚಿನ ಮಾಡು (ಛಾವಣಿ) ತಂಪು.

ಕಡಲ್‌ಕರೆ: "ತಂಪು" ಸರಿ, ಸೋರುವುದನ್ನು ಯಾಕೆ ಹೇಳುವುದಿಲ್ಲ? ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬೀಳುವ ಊರು ಇದು.

ಮುರಕಲ್ಲು: ಸೋರುವುದು ಹಂಚಿನ ತಪ್ಪಲ್ಲ, ಇಳಿಜಾರಿನದ್ದು. ಮಾಡು ಚಪ್ಪಟೆಯಾದರೆ ಗಾಳಿ ನೀರನ್ನು ಸಂದಿಯೊಳಗೆ ನೂಕುತ್ತದೆ. 30 ಡಿಗ್ರಿ ಇದ್ದರೆ ಹನಿ ಒಳಬರುವುದಿಲ್ಲ. ಚದರ ಮೀಟರಿಗೆ ಸುಮಾರು 15 ಹಂಚು, ಒಡೆದದ್ದನ್ನಷ್ಟೇ ಬದಲಿಸಿದರಾಯಿತು.

ಕಡಲ್‌ಕರೆ: "ಬದಲಿಸಿದರಾಯಿತು"? ಬದಲಿಗೆ ಹಂಚು ಎಲ್ಲಿದೆ? ಹೆಚ್ಚಿನ ಕಾರ್ಖಾನೆಗಳೇ ಮುಚ್ಚಿದವಲ್ಲ! ಬೇರೆ ಅಚ್ಚಿನದು ಹಾಕಿದರೆ ಅಂಚು ಅಂಚಿಗೆ ಕೂರುವುದಿಲ್ಲ, ಅಲ್ಲೇ ನೀರು ಇಳಿಯುತ್ತದೆ. ಹಂಚು ಮಗುಚಿ ಅಡಿಯಲ್ಲಿರುವ ಹೆಸರು ಓದಿ, ಅದೇ ಹೆಸರಿನದು ಹುಡುಕಬೇಕು.

ಮುರಕಲ್ಲು: ಕಾರ್ಖಾನೆ ಮುಚ್ಚಿದ್ದು ಹಂಚು ಕೆಟ್ಟದ್ದೆಂದಲ್ಲ. ಜೇಡಿಮಣ್ಣು, ಸೌದೆ ತುಟ್ಟಿಯಾದವು, ತಾರಸಿ ಬಂತು. ಹಳೇ ಮನೆ ಕೆಡವಿದಲ್ಲಿ ಬೇಕಾದಷ್ಟು ಹಂಚು ಸಿಗುತ್ತದೆ.

ಫಲ್ಗುಣಿ: ಹಂಚಿನಿಂದ ಇಳಿಯಿರಿ ಇಬ್ಬರೂ! ಅವರ ಕೆಲಸ ಬೈಕಂಪಾಡಿಯಲ್ಲಿ. ಜೆಪ್ಪುವಿನಿಂದಾದರೆ ದಿನಾ ಕೊಟ್ಟಾರಚೌಕಿ, ಕೂಳೂರು ಸೇತುವೆ ದಾಟಬೇಕು. ಜೋರು ಮಳೆಗೆ ಚೌಕಿಯ ರಾಜಕಾಲುವೆ ಉಕ್ಕಿ ರಸ್ತೆಯೇ ತೋಡಾಗುತ್ತದೆ. ಸುರತ್ಕಲ್‌ನಿಂದ ಆ ಕಾಟವಿಲ್ಲ. ಎಲ್ಲೇ ಹಿಡಿದರೂ ಬಾವಿ ಇದೆಯಾ ಕೇಳಿ. 2019ರ ಮೇನಲ್ಲಿ ಊರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನ ನೀರು ತಳ ಕಂಡು ನಲ್ಲಿ ನೀರು ಸರದಿಯ ಮೇಲೆ ಬಿಟ್ಟರು.

ಮುರಕಲ್ಲು: "ಸುರತ್ಕಲ್‌ನಿಂದ ಕಾಟವಿಲ್ಲ"ವೇ? ಕಡಲ ಉಪ್ಪುಗಾಳಿಗೆ ಎಸಿಯ ಹೊರಗಿನ ಪೆಟ್ಟಿಗೆ ನೋಡಿ, ಅಲ್ಯೂಮಿನಿಯಂ ಪಟ್ಟಿ ಬಿಳಿ ಪುಡಿಯಾಗಿ ಉದುರುತ್ತದೆ. ಪೆಟ್ಟಿಗೆಯನ್ನು ಕಡಲಿಗೆ ಬೆನ್ನಾದ ಪೂರ್ವದ ಗೋಡೆಗೆ ಹಾಕಿಸಿ, ತಿಂಗಳಿಗೊಮ್ಮೆ ಸಿಹಿನೀರಲ್ಲಿ ತೊಳೆಯಬೇಕು.

ಕಡಲ್‌ಕರೆ: ಎಸಿ ತೊಳೆಯಬಹುದು. ಹಂಚು ಕೂರುವ ಮರದ ಪಟ್ಟಿಗೆ, ಅಂದರೆ ರೀಪಿಗೆ, ಗೆದ್ದಲು ಹತ್ತಿದರೆ ಏನು ತೊಳೆಯುತ್ತೀರಿ? ಬಯಲುಸೀಮೆಯವರೇ, ಅಡ್ವಾನ್ಸ್ ಕೊಡುವ ಮೊದಲು ಏಣಿ ಹತ್ತಿ, ಗೋಡೆ ಮುಟ್ಟುವಲ್ಲಿ ಪಕ್ಕಾಸಿಗೆ (ರೀಪು ಹೊರುವ ಇಳಿಜಾರು ಮರಕ್ಕೆ) ಸ್ಕ್ರೂಡ್ರೈವರ್ ಚುಚ್ಚಿ. ಸಲೀಸಾಗಿ ಒಳಹೋದರೆ ಆ ಮನೆ ಬಿಡಿ.

ಮುರಕಲ್ಲು: ಚುಚ್ಚಲಿ. ಗಟ್ಟಿ ಮರವಾದರೆ ತುದಿಯೂ ಇಳಿಯುವುದಿಲ್ಲ.

ಬಯಲುಸೀಮೆಯವ: ಲಾರಿ ಮೇ 3ಕ್ಕೆ ಹೇಳಿದೆ. ಶನಿವಾರ ಏಣಿ ಹತ್ತುತ್ತೇನೆ.