ಬೆರಳಿನ ಬದಲು ಮುಂಗೈಯಿಂದ ಸಕ್ಕರೆ ಪರೀಕ್ಷೆ: ಊಟದ ನಂತರ ಅಂಕಿಗಳು ಏಕೆ ಹೊಂದುವುದಿಲ್ಲ?

ಪ್ರಶ್ನೆ (ತುಂಗಾತೀರ):
ನಮ್ಮ ತಾಯಿಯವರು ಹೊಲಿಗೆ ಕೆಲಸ ಮಾಡುತ್ತಾರೆ ಮತ್ತು ಎರಡು ಹೊತ್ತು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಪದೇ ಪದೇ ಚುಚ್ಚಿಸಿಕೊಂಡು ಬೆರಳ ತುದಿಗಳು ಗಡುಸಾಗಿರುವುದರಿಂದ, ಗ್ಲೂಕೋಮೀಟರಿನ ಕೈಪಿಡಿಯಲ್ಲಿ ಹೇಳಿರುವಂತೆ ಮುಂಗೈಯಿಂದ ರಕ್ತ ತೆಗೆದು ನೋಡಿದೆವು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಅಂಕಿ ಬಂದಿತು. ಆದರೆ ಊಟವಾದ ಒಂದು ಗಂಟೆಗೆ ಬೆರಳಿನಲ್ಲಿ 212, ಮುಂಗೈಯಲ್ಲಿ 168 ತೋರಿಸಿತು. ಯಂತ್ರ ಕೆಟ್ಟಿದೆ ಎಂದು ತಿಳಿಯಬೇಕೆ?

ಉತ್ತರ (ಲ್ಯಾಬ್‌ಮಿತ್ರ):
ಬರಿಹೊಟ್ಟೆಯ ಅಂಕಿಗಳು ಹೊಂದಿರುವುದರಿಂದ ಯಂತ್ರವನ್ನು ದೂರುವ ಅಗತ್ಯ ಕಾಣುವುದಿಲ್ಲ. ಬೆರಳ ತುದಿಯಲ್ಲಿ ರಕ್ತಸಂಚಾರ ಬಹಳ ವೇಗವಾಗಿದ್ದು, ಮುಂಗೈ, ತೊಡೆ, ಮೀನಖಂಡಗಳ ಚರ್ಮದಲ್ಲಿ ಅದು ನಿಧಾನವಾಗಿರುತ್ತದೆ. ಹೀಗಾಗಿ ಊಟದ ನಂತರ ಸಕ್ಕರೆ ಬೇಗನೆ ಏರುವಾಗ ಬೆರಳು ಅದನ್ನು ಮೊದಲು ತೋರಿಸುತ್ತದೆ. ಮುಂಗೈ ಇಪ್ಪತ್ತು ಮೂವತ್ತು ನಿಮಿಷ ಹಿಂದೆ ಉಳಿಯಬಹುದು. ಇದರ ಜೊತೆಗೆ ಮೀಟರಿಗೇ ಒಂದಿಷ್ಟು ಸಹಜ ಏರುಪೇರು ಇದೆ: ಗ್ಲೂಕೋಮೀಟರುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 15197ರ 2013ರ ಆವೃತ್ತಿಯ ಪ್ರಕಾರ, 100 ಮಿ.ಗ್ರಾಂ. ಮತ್ತು ಅದಕ್ಕಿಂತ ಹೆಚ್ಚಿನ ಮಟ್ಟದಲ್ಲಿ ಶೇ. 95ರಷ್ಟು ಅಳತೆಗಳು ಪ್ರಯೋಗಾಲಯದ ಅಂಕಿಯಿಂದ ಶೇ. 15ರ ಒಳಗಿದ್ದರೆ ಸಾಕು. ನಿಮ್ಮ ವ್ಯತ್ಯಾಸದಲ್ಲಿ ಎರಡೂ ಸೇರಿರಬಹುದು.

ಉತ್ತರ (ಇನ್ಸುಲಿನ್ ಬಳಕೆದಾರ):
ಮೇಲಿನವರು ಏರಿಕೆಯ ಮಾತು ಹೇಳಿದ್ದಾರೆ. ನನಗೆ ಇಳಿಕೆಯೇ ಹೆಚ್ಚು ಮುಖ್ಯವೆನಿಸುತ್ತದೆ. ಸಕ್ಕರೆ 70ಕ್ಕಿಂತ ಕೆಳಗಿಳಿಯುತ್ತಿರುವಾಗಲೂ ಮುಂಗೈ ಹಳೆಯ, ನೆಮ್ಮದಿಯ ಅಂಕಿಯನ್ನೇ ತೋರಿಸುತ್ತಿರಬಹುದು. ಆದ್ದರಿಂದ ಬೆವರು, ನಡುಕ, ಮಂಕು ಕಂಡಾಗ, ಇನ್ಸುಲಿನ್ ಚುಚ್ಚಿಕೊಂಡ ನಂತರದ ಒಂದೆರಡು ಗಂಟೆಗಳಲ್ಲಿ, ಊಟವಾಗಿ ಎರಡು ಗಂಟೆ ಕಳೆಯುವ ಮೊದಲು, ವ್ಯಾಯಾಮವಾದ ಕೂಡಲೇ ಅಥವಾ ಜ್ವರವಿರುವಾಗ ಬೆರಳನ್ನು ಬಿಟ್ಟು ಬೇರೆಡೆ ನೋಡಬಾರದು. ಇಳಿಕೆಯ ಲಕ್ಷಣಗಳೇ ಗೊತ್ತಾಗದವರು ಮುಂಗೈಯನ್ನು ಮರೆತುಬಿಡುವುದೇ ಒಳ್ಳೆಯದು. ನಿಮ್ಮ ತಾಯಿಯವರು ಈ ಗುಂಪಿನವರೇ ಎಂಬುದನ್ನು ವೈದ್ಯರಲ್ಲಿ ಖಚಿತಪಡಿಸಿಕೊಳ್ಳಿ.

ಮರುಪ್ರಶ್ನೆ (ತುಂಗಾತೀರ):
ಲಕ್ಷಣಗಳು ಅವರಿಗೆ ಚೆನ್ನಾಗಿಯೇ ತಿಳಿಯುತ್ತವೆ, ಆದರೂ ವೈದ್ಯರನ್ನು ಕೇಳುತ್ತೇನೆ. ಮುಂಗೈಯನ್ನು ಚೆನ್ನಾಗಿ ತಿಕ್ಕಿ ಚುಚ್ಚಿದರೆ ಅಂಕಿ ಸರಿಹೋಗುತ್ತದೆಯೆ?

ಉತ್ತರ (ಲ್ಯಾಬ್‌ಮಿತ್ರ):
ತಿಕ್ಕಿದರೆ ರಕ್ತಸಂಚಾರ ಹೆಚ್ಚಿ ವ್ಯತ್ಯಾಸ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಅಳಿಯುತ್ತದೆಂದು ನಂಬುವಂತಿಲ್ಲ. ಹೆಬ್ಬೆರಳಿನ ಬುಡದ ಅಂಗೈಯ ಉಬ್ಬು ಈ ವಿಷಯದಲ್ಲಿ ಬೆರಳಿಗೆ ಬಹಳ ಹತ್ತಿರ. ಕೈಪಿಡಿ ಒಪ್ಪಿದರೆ ಅದನ್ನೇ ಆರಿಸಿಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ಮುಂಗೈಯನ್ನು ಬೆಳಗಿನ ಬರಿಹೊಟ್ಟೆಯ ಪರೀಕ್ಷೆಗೆ ಮಾತ್ರ ಇಟ್ಟುಕೊಂಡರೂ ಬೆರಳುಗಳಿಗೆ ದಿನಕ್ಕೆ ಒಂದು ಚುಚ್ಚು ತಪ್ಪುತ್ತದೆ. ಬೆರಳಿಗೆ ಚುಚ್ಚುವಾಗಲೂ ತುದಿಯ ನಡುಭಾಗವನ್ನು ಬಿಟ್ಟು ಪಕ್ಕಕ್ಕೆ ಚುಚ್ಚಿ, ಹೊಲಿಗೆಯ ಸೂಜಿ ಹಿಡಿಯುವ ಹೆಬ್ಬೆರಳು ಮತ್ತು ತೋರುಬೆರಳುಗಳನ್ನು ಬಿಟ್ಟುಬಿಡಿ, ಪ್ರತಿ ಸಲವೂ ಹೊಸ ಲ್ಯಾನ್ಸೆಟ್ ಬಳಸಿ. ಮೊದಲು ಕೈಯನ್ನು ಬೆಚ್ಚನೆಯ ನೀರಿನಲ್ಲಿ ತೊಳೆದು ಒರೆಸಿಕೊಳ್ಳಲಿ. ಹಣ್ಣು ಹೆಚ್ಚಿದ ಕೈಯಲ್ಲಿ ಪರೀಕ್ಷಿಸಿ ಇಲ್ಲದ ಸಕ್ಕರೆಗೆ ಹೆದರುವವರು ಕಡಿಮೆಯೇನಿಲ್ಲ.