ಜಿಎಸ್‌ಟಿ ಸಮನ್ಸ್: ಸಹಿ ಹಾಕುವ ಮೊದಲು

ಅಕ್ಕ, ನೀವು ಗ್ರೂಪಿಗೆ ಹಾಕಿದ ಫೋಟೋ ನೋಡಿದೆ. ಕಾಸರಗೋಡಿನ ಬದಿಯಡ್ಕದ ಭಾವನ ಅಡಿಕೆ ಅಂಗಡಿಗೆ ಬಂದದ್ದು ಜಿಎಸ್‌ಟಿ ಕಾಯ್ದೆಯ 70ನೇ ಸೆಕ್ಷನಿನ ಸಮನ್ಸ್, ಅಂದ್ರೆ ಹೇಳಿಕೆಗೆ, ದಾಖಲೆಗೆ ಕರೆಯುವ ಕಾಗದ. ಅರೆಸ್ಟಿನ ಕಾಗದ ಅಲ್ಲ, ಹೆದರ್ಬೇಡಿ. ಆದ್ರೆ ಹೋಗದಿದ್ರೆ ಏನಾಗ್ತದೆ ಅಂತ ಕೇಳಿದ್ರಲ್ಲ, ಹೋಗ್ಲೇಬೇಕು. ಸಾಕ್ಷಿಯನ್ನು ಕರೆಸ್ಲಿಕ್ಕೆ ಸಿವಿಲ್ ಕೋರ್ಟಿಗೆ ಇರುವ ಅಧಿಕಾರವೇ ಆ ಆಫೀಸರಿಗೂ ಉಂಟು. ತಪ್ಪಿಸಿದ್ರೆ 25,000 ರೂಪಾಯಿವರೆಗೆ ದಂಡ. ಆ ದಿನ ಆಗುವುದೇ ಇಲ್ಲ ಅಂತಾದ್ರೆ ಕಾರಣ ಬರೆದು ಮೊದಲೇ ಇಮೇಲ್ ಮಾಡಿ ಬೇರೆ ದಿನ ಕೇಳಿ. ಬರೀ ಫೋನಿನಲ್ಲಿ ಹೇಳಿದ್ರೆ ದಾಖಲೆ ಇರುವುದಿಲ್ಲ.

ಕಾಗದ ಅಸಲಿಯಾ ಅಂತ ಒಮ್ಮೆ ನೋಡಿ. ಕೇಂದ್ರದ ಜಿಎಸ್‌ಟಿಯವರದ್ದಾದ್ರೆ ಡಿಐಎನ್ ಅಂತ ಆ ಕಾಗದದ್ದೇ ಗುರುತಿನ ನಂಬರ್ ಇರ್ತದೆ, ಸಿಬಿಐಸಿ (ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ) ವೆಬ್‌ಸೈಟಿನಲ್ಲಿ ಹಾಕಿದ್ರೆ ತಿಳೀತದೆ. ರಾಜ್ಯದವರದ್ದಾದ್ರೆ ಆಫೀಸಿಗೇ ಹೋಗಿ ವಿಚಾರಿಸಿ.

ಅಡಿಕೆ ವ್ಯಾಪಾರದಲ್ಲಿ ಅವರ ಮುಖ್ಯ ಸಂಶಯ, ಬಿಲ್ಲಿನಲ್ಲಿರುವ ಲೋಡು ನಿಜವಾಗಿ ಹೋದದ್ದು ಹೌದಾ ಅಂತ. ಸ್ವಂತ ತೋಟದ್ದು ಮಾರುವ ಕೃಷಿಕರಿಗೆ ನೋಂದಣಿ ಬೇಡ, ಅವರ ಬಿಲ್ಲೂ ಇರುವುದಿಲ್ಲ. ಹಾಗಾಗಿ ಭಾವನ ಖರೀದಿ ಚೀಟಿ, ತೂಕದ ಚೀಟಿ, ಹಣ ಕೊಟ್ಟ ಬ್ಯಾಂಕ್ ಲೆಕ್ಕ, ಇ-ವೇ ಬಿಲ್ಲು (ಸರಕು ಸಾಗಿಸ್ಲಿಕ್ಕೆ ಆನ್‌ಲೈನಿನಲ್ಲಿ ಮಾಡುವ ಚೀಟಿ), ಲಾರಿ ನಂಬರ್ ಎಲ್ಲ ಒಂದಕ್ಕೊಂದು ತಾಳೆ ಆಗ್ಬೇಕು. ಲಾರಿ ನಂಬರಿನಲ್ಲೇ ಸಿಕ್ಕಿ ಬೀಳುವವರುಂಟು. ಒರಿಜಿನಲ್ ಕೊಟ್ರೆ ಪಟ್ಟಿ ಮಾಡಿ, ಅದರ ಪ್ರತಿಗೆ ಸಹಿ ಸೀಲು ತೆಗೊಳ್ಳಿ.

ಇನ್ನು ಅಲ್ಲಿ ಭಾವ ಕೊಡುವ ಹೇಳಿಕೆ. ಇದನ್ನು ಭಾವನಿಗೆ ಎರಡು ಸಲ ಕೇಳಿಸಿ. ಪೊಲೀಸರಿಗೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದ್ರೆ ಜಿಎಸ್‌ಟಿಯವರು ಕಾನೂನಿನಲ್ಲಿ ಪೊಲೀಸರಲ್ಲ, ಹಾಗಾಗಿ ಇಲ್ಲಿ ಸಹಿ ಹಾಕಿದ್ದು ಮುಂದೆ ನಮ್ಮ ವಿರುದ್ಧವೇ ಸಾಕ್ಷಿ ಆಗ್ಬಹುದು. ಸುಳ್ಳು ಹೇಳಿದ್ರೆ ಅದೇ ಬೇರೆ ಅಪರಾಧ. ಭಾವನಿಗೆ ಮಲಯಾಳಂ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಬರುವುದಿಲ್ಲ ಅಲ್ವಾ? ಹಾಗಾದ್ರೆ "ಉತ್ತರವನ್ನು ನಾನೇ ಕೈಯಲ್ಲಿ ಕನ್ನಡದಲ್ಲಿ ಬರೆದು ಕೊಡ್ತೇನೆ" ಅಂತ ಭಾವ ಕೇಳ್ಲಿ. ಅವರೇ ಬರೆದ್ರೆ ಪೂರ್ತಿ ಓದಿಸಿ, ಅರ್ಥ ಆದ ಮೇಲೆಯೇ ಸಹಿ. ತಪ್ಪಿದ್ದಲ್ಲಿ ಗೀಟು ಹಾಕಿ ತಿದ್ದಿ ಪಕ್ಕದಲ್ಲಿ ಸಹಿ ಹಾಕ್ಲಿ, ಖಾಲಿ ಜಾಗ ಬಿಡ್ಬಾರದು. ಮೂರು ವರ್ಷದ ಹಿಂದಿನ ಲೋಡಿನ ತೂಕ ಕೇಳಿದ್ರೆ ಅಂದಾಜಿಗೆ ಹೇಳುವುದು ಬೇಡ. "ನೆನಪಿಲ್ಲ, ಲೆಕ್ಕ ನೋಡಿ ಬರೆದು ಕೊಡ್ತೇನೆ" ಅಂದ್ರೆ ಸಾಕು. ಒತ್ತಾಯದಿಂದ ಬರೆಸಿಕೊಂಡ್ರೆ ಮರುದಿನವೇ ಲಿಖಿತವಾಗಿ ಹಿಂತೆಗೆಯಬೇಕು. ತಿಂಗಳು ಕಳೆದ್ರೆ ಅದಕ್ಕೆ ಬೆಲೆ ಕಡಿಮೆ.

ಪ್ರಮಾಣ ಮಾಡಿ ವಿಚಾರಣೆಗೆ ಖುದ್ದು ಬರ್ಬೇಕು ಅಂತ ಕರೆದ್ರೆ ಆಡಿಟರನ್ನು ಬದಲಿಗೆ ಕಳಿಸ್ಲಿಕ್ಕೆ ಆಗುವುದಿಲ್ಲ. ವಕೀಲರು ಕಾಣುವಷ್ಟು ಹತ್ತಿರ, ಮಾತು ಕೇಳದಷ್ಟು ದೂರ ಕೂತ್ಕೊಳ್ಲಿಕ್ಕೆ ಹೈಕೋರ್ಟುಗಳು ಬಿಟ್ಟದ್ದುಂಟು.

ಅಲ್ಲೇ ಡಿಆರ್‌ಸಿ-03ರಲ್ಲಿ (ಸ್ವಇಚ್ಛೆಯಿಂದ ತೆರಿಗೆ ಕಟ್ಟುವ ಫಾರ್ಮು) ತೆರಿಗೆ ಕಟ್ಟಿ ಅಂದ್ರೆ ಒಪ್ಬೇಡಿ. ಸ್ವಇಚ್ಛೆಯಿಂದ ಕಟ್ಬಹುದೇ ಹೊರತು, ನೋಟೀಸು, ಆದೇಶ ಇಲ್ಲದೆ ವಸೂಲಿ ಇಲ್ಲ. ಬಲವಂತ ಮಾಡ್ಬಾರದು ಅಂತ ಸುಪ್ರೀಂ ಕೋರ್ಟು 2025ರ ಫೆಬ್ರವರಿಯಲ್ಲಿ ಹೇಳಿದೆ.

ಯಾವ ವರ್ಷದ ಲೆಕ್ಕ ಅನ್ನುವುದು ಫೋಟೋದಲ್ಲಿ ಮಡಿಕೆಯ ಅಡಿಗೆ ಹೋಗಿದೆ. ಕಾಗದ ಬಿಡಿಸಿ ಇನ್ನೊಂದು ಫೋಟೋ ಕಳಿಸಿ, ಯಾವ ಪುಸ್ತಕ ಬೇಕು ಅಂತ ಹೇಳ್ತೇನೆ.